ಫ್ರೀ ಕಿಕ್‌: ಚೆಂಡು ಆಟಕ್ಕೆ ಬರೋದು ಸೀಟಿ ಊದಿದಾಗಲಾ, ಒದ್ದಾಗಲಾ?

2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐಎಸ್‌ಎಲ್ ನಾಕೌಟ್ ಪಂದ್ಯದ ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಸೇರಿಸಿಬಿಟ್ಟರು. ರೆಫ್ರಿ ಗೋಲ್ ಕೊಟ್ಟರು. ‘ನಾವು ಇನ್ನೂ ರೆಡಿ ಇರಲಿಲ್ಲ’ ಎಂದು ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಪಂದ್ಯ ಕೈತಪ್ಪಿತು, ಮೇಲೆ 4 ಕೋಟಿ ರೂಪಾಯಿ ದಂಡವೂ ಬಿತ್ತು.

ಇದೇ ಜಗಳ ತಾಲೂಕು ಮೈದಾನದಲ್ಲೂ ಆಗಬಹುದು. ಹಾಗಾಗಿ ನಿಯಮ ತಿಳಿದಿರೋದು ಒಳ್ಳೇದು.

ನಿಯಮ ಏನು?
ಫುಟ್‌ಬಾಲ್‌ನ 13ನೇ ನಿಯಮ ಫ್ರೀ ಕಿಕ್‌ಗೆ ಸಂಬಂಧಿಸಿದ್ದು. ಚೆಂಡು ನಿಂತಿರಬೇಕು. ಅದನ್ನು ಒದ್ದು, ಅದು ಕಣ್ಣಿಗೆ ಕಾಣುವಂತೆ ಸರಿದರೆ ಆಟಕ್ಕೆ ಬಂದಂತೆ. ಕಾಲಿಂದ ಸುಮ್ಮನೆ ಮುಟ್ಟಿ, ‘ಒದ್ದಾಯ್ತು’ ಅಂದರೆ ನಡೆಯೋಲ್ಲ.

ಸೀಟಿ ಬೇಕೇ ಬೇಕಾ?
ಎಲ್ಲ ಫ್ರೀ ಕಿಕ್‌ಗೂ ಬೇಡ. ಎದುರಾಳಿಗಳನ್ನು 9.15 ಮೀಟರ್ ದೂರ ಸರಿಸುವಂತೆ ತಂಡ ಕೇಳಿದಾಗ, ಕಾರ್ಡ್ ತೋರಿಸಿದ ಮೇಲೆ, ಗಾಯದಿಂದ ಆಟ ನಿಂತಾಗ ಸೀಟಿಗೆ ಕಾಯಲೇಬೇಕು. ಇಲ್ಲದಿದ್ದರೆ ಬೇಗ ಒದೆಯಬಹುದು. ಎದುರು ತಂಡ ಸಿದ್ಧವಾಗುವ ತನಕ ಕಾಯಬೇಕೆಂದು ನಿಯಮದಲ್ಲಿ ಇಲ್ಲ.

ಬೇಗ ಒದೆಯೋದರಲ್ಲಿ ಅಪಾಯವೂ ಇದೆ. ಹತ್ತಿರವಿದ್ದ ಎದುರಾಳಿಗೆ ಚೆಂಡು ಸಿಕ್ಕರೆ ಆಟ ಮುಂದುವರಿಯುತ್ತದೆ, ಮತ್ತೆ ಒದೆಯಲು ಬಿಡೋಲ್ಲ. ಆದರೆ ಒದೆಯದಂತೆ ಬೇಕಂತಲೇ ಅಡ್ಡ ನಿಂತವರಿಗೆ ಹಳದಿ ಕಾರ್ಡ್ ಖಚಿತ.

ತಮ್ಮದೇ ಪೆನಾಲ್ಟಿ ಏರಿಯಾದಲ್ಲಿ
ಹೆಚ್ಚು ಗೊಂದಲ ಇರೋದು ಇಲ್ಲೇ. ಹಿಂದೆ ಚೆಂಡು ಏರಿಯಾ ದಾಟಿದ ಮೇಲಷ್ಟೇ ಆಟಕ್ಕೆ ಬರುತ್ತಿತ್ತು. 2019ರಲ್ಲಿ ಅದು ಬದಲಾಯಿತು. ಈಗ ಒದ್ದು ಸರಿದರೆ ಸಾಕು, ಗೋಲ್‌ಕೀಪರ್ ಪಕ್ಕದಲ್ಲೇ ಇರುವ ಡಿಫೆಂಡರ್‌ಗೆ ಕೊಡಬಹುದು. ಅಲ್ಲಿಯವರೆಗೆ ಎದುರಾಳಿಗಳು ಏರಿಯಾದ ಹೊರಗಿರಬೇಕು.

ಇವೂ ಗೊತ್ತಿರಲಿ
* ಒದ್ದವರು, ಬೇರೊಬ್ಬ ಆಟಗಾರ ಮುಟ್ಟುವ ಮುನ್ನ ಮತ್ತೆ ಚೆಂಡು ಮುಟ್ಟಿದರೆ ಎದುರು ತಂಡಕ್ಕೆ ಇನ್‌ಡೈರೆಕ್ಟ್ ಫ್ರೀ ಕಿಕ್. ಕೈಯಲ್ಲಿ ಮುಟ್ಟಿದರೆ ಶಿಕ್ಷೆ ಇನ್ನೂ ಹೆಚ್ಚಾಗಬಹುದು.
* ಇನ್‌ಡೈರೆಕ್ಟ್ ಆದರೆ ರೆಫ್ರಿ ಒಂದು ಕೈ ಮೇಲೆತ್ತುತ್ತಾರೆ. ಅದು ಯಾರಿಗೂ ತಾಗದೆ ನೇರ ಗೋಲಿಗೆ ಹೋದರೆ ಗೋಲ್ ಅಲ್ಲ, ಗೋಲ್ ಕಿಕ್.
* ಫ್ರೀ ಕಿಕ್ ನೇರವಾಗಿ ಒದ್ದವರ ಗೋಲಿಗೇ ಹೋದರೆ ಎದುರು ತಂಡಕ್ಕೆ ಕಾರ್ನರ್.
* ಮೂವರು ಅಥವಾ ಹೆಚ್ಚು ಜನರ ಗೋಡೆ ಇದ್ದರೆ, ಒದೆಯುವ ತಂಡದವರು ಚೆಂಡು ಆಟಕ್ಕೆ ಬರುವವರೆಗೆ ಗೋಡೆಯಿಂದ ಕನಿಷ್ಠ 1 ಮೀಟರ್ ದೂರ ಇರಬೇಕು.

ಫೌಲ್ ಆದ ಕೂಡಲೇ ಒಬ್ಬರಾದರೂ ಚೆಂಡಿನ ಮೇಲೆ ಕಣ್ಣಿಡಬೇಕು. ರೆಫ್ರಿ ಜತೆ ವಾದ ಮಾಡುವ ಹೊತ್ತಲ್ಲೇ ಗೋಲ್ ಆಗಿಹೋಗಬಹುದು. ತೀರ್ಪು ತಪ್ಪು ಅನ್ನಿಸಿದರೂ ಮೈದಾನ ಬಿಡಬಾರದು. ಬಿಟ್ಟ ತಂಡಕ್ಕೆ ಮತ್ತೆ ಗೋಲ್ ಹೊಡೆಯುವ ಅವಕಾಶವೇ ಉಳಿಯೋಲ್ಲ.