ಮಾಲ್ಗುಡಿಗೆ ಮುಖ ಕೊಟ್ಟ ಗೆರೆ: ಆರ್.ಕೆ. ಲಕ್ಷ್ಮಣ್ (1921–2015)

ಶೃಂಗೇರಿಗೆ ಬಂದವರಲ್ಲಿ ಅನೇಕರು ಹತ್ತಿರದ ಆಗುಂಬೆಗೂ ಹೋಗುತ್ತಾರೆ, ಮಾಲ್ಗುಡಿಯನ್ನು ಹುಡುಕಿಕೊಂಡು. ಆರ್.ಕೆ. ನಾರಾಯಣ್ ಕಲ್ಪಿಸಿದ ಆ ಊರಿಗೆ ಕಣ್ಣಿಗೆ ಕಾಣುವ ರೂಪ ಕೊಟ್ಟದ್ದು ಅವರ ತಮ್ಮ, ವ್ಯಂಗ್ಯಚಿತ್ರಕಾರ ಲಕ್ಷ್ಮಣರ ಗೆರೆಗಳು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯ ಪೇಟೆಬೀದಿ, ದೊಡ್ಡಮನೆಗಳಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದರು. ಧಾರಾವಾಹಿಯ ಶೀರ್ಷಿಕೆಯಲ್ಲಿ ಮೂಡುತ್ತಿದ್ದುದು ಲಕ್ಷ್ಮಣರದೇ ಚಿತ್ರಗಳು. ಅವನ್ನು ನೋಡುತ್ತ ಬೆಳೆದವರಿಗೆ ಮಾಲ್ಗುಡಿ ಎಂದರೆ ಇವತ್ತಿಗೂ ಆ ಕಪ್ಪು ಶಾಯಿಯ ಊರೇ.

ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದವರು. ಮುಂದೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಅವರ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯ, ಚೌಕಳಿ ಕೋಟು ತೊಟ್ಟು, ದಶಕಗಳ ಕಾಲ ತುಟಿ ಬಿಚ್ಚದೆ ದೇಶವನ್ನು ನೋಡುತ್ತ ನಿಂತ. 2005ರಲ್ಲಿ ಪದ್ಮವಿಭೂಷಣ ಸಂದಿತು. ಕಾಗೆಯೆಂದರೆ ಅವರಿಗೆ ಬಲು ಪ್ರೀತಿ; ಎಷ್ಟು ಬರೆದರೂ ದಣಿಯಲಿಲ್ಲ.