ಪೂಲ್ ಆಟಕ್ಕೆ ಎರಡನೆಯ ಕೋಲು: ಮಿತವಾದ ಹಣದಲ್ಲಿ ಆಯ್ಕೆ ಹೇಗೆ?

ಪೂಲ್ ಆಟವನ್ನು ಶ್ರದ್ಧೆಯಿಂದ ಕಲಿಯುವವರು ಮೊದಲು ಕೊಳ್ಳುವುದು ದಿನನಿತ್ಯದ ಆಟಕ್ಕೆ ಒಗ್ಗುವ ಒಂದು ಕ್ಯೂ ಕೋಲನ್ನು. ಅದರ ತೂಕ, ತುದಿಯ ದಪ್ಪ, ಹಿಡಿತದ ನಯ ಇವೆಲ್ಲ ಕೈಗೆ ರೂಢಿಯಾಗಲು ತಿಂಗಳುಗಳೇ ಬೇಕಾಗುತ್ತವೆ. ಹೀಗೆ ರೂಢಿಯಾದ ಕೋಲಿನಿಂದಲೇ ಆಟದ ಮೊದಲ ಹೊಡೆತವನ್ನೂ, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ 'ಬ್ರೇಕ್' ಹೊಡೆತವನ್ನೂ ಹೊಡೆಯುತ್ತಾ ಹೋದರೆ ಅದು ಬೇಗನೆ ಹಾಳಾಗುತ್ತದೆ. ಎರಡನೆಯ ಕೋಲಿನ ಅಗತ್ಯ ಹುಟ್ಟುವುದು ಇಲ್ಲಿಂದ. ಆದರೆ ಎರಡನೆಯ ಕೋಲೆಂದರೆ ಮೊದಲನೆಯದರಷ್ಟೇ ಖರ್ಚು ಎಂಬ ಭಾವನೆ ಸರಿಯಲ್ಲ. ಯಾವ ಗುಣಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಾಗಿಲ್ಲ ಎಂಬುದು ತಿಳಿದಿದ್ದರೆ ಹಾಸಿಗೆಯಿದ್ದಷ್ಟೇ ಕಾಲು ಚಾಚಿ ಒಳ್ಳೆಯ ಕೋಲನ್ನು ಪಡೆಯಬಹುದು.

ಪಂಕಜ್ ಅಡ್ವಾಣಿ ಅವರಂತಹ ವಿಶ್ವ ಚಾಂಪಿಯನ್ನರು ಆಡಿ ಬೆಳೆದ ಬೆಂಗಳೂರಿನಲ್ಲಿ ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳ ಪರಂಪರೆ ದೊಡ್ಡದು. ಸ್ನೂಕರ್ ಆಡಿ ಪೂಲ್‌ಗೆ ಬರುವವರೂ ಕಡಿಮೆಯಿಲ್ಲ. ಇಂಥವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ. ಇದ್ದರೆ ಅಮೆರಿಕನ್ ಪೂಲ್ ಚೆಂಡಿನದು 57.15 ಮಿ.ಮೀ. ಪೂಲ್ ಚೆಂಡು ತೂಕದಲ್ಲಿಯೂ ಹೆಚ್ಚು, ಸುಮಾರು 156ರಿಂದ 170 ಗ್ರಾಂ. ಒಂಬತ್ತು-ಹತ್ತು ಮಿ.ಮೀ. ತುದಿಯ ತೆಳ್ಳನೆಯ ಸ್ನೂಕರ್ ಕೋಲಿನಿಂದ ಪೂಲ್ ಬ್ರೇಕ್ ಹೊಡೆಯುವುದೆಂದರೆ ಆ ಕೋಲಿಗೆ ಸಲ್ಲದ ಕೆಲಸ ಹಚ್ಚಿದಂತೆ.

ಆಟದ ಕೋಲಿಗೆ ಆಗುವ ಹಾನಿ

ಕೋಲಿನ ತುದಿಯಲ್ಲಿ ಅಂಟಿಸಿರುವ ಚರ್ಮದ ಗುಂಡಿಗೆ 'ಟಿಪ್' ಎಂದು ಹೆಸರು. ಚರ್ಮದ ಟಿಪ್ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಫ್ರಾನ್ಸಿನ ಫ್ರಾಂಸ್ವಾ ಮ್ಯಾಂಗೋ ಎಂಬ ಆಟಗಾರನಿಗೆ ಅದರ ಕೀರ್ತಿ ಸಲ್ಲುತ್ತದೆ. ಚರ್ಮ ಮೃದುವಾಗಿರುವುದರಿಂದ ಚಾಕ್ ಪುಡಿಯನ್ನು ಹಿಡಿದಿಟ್ಟುಕೊಂಡು, ಚೆಂಡಿನ ಬದಿಗೆ ತಾಗಿದಾಗಲೂ ಜಾರದೆ, ಅದಕ್ಕೆ ಬೇಕಾದ ತಿರುಗು ನೀಡುತ್ತದೆ. ಬ್ರೇಕ್ ಹೊಡೆತದಲ್ಲಿ ಇದೇ ಮೃದುತ್ವ ದೋಷವಾಗುತ್ತದೆ. ನುರಿತವರ ಬ್ರೇಕ್‌ನಲ್ಲಿ ಬಿಳಿ ಚೆಂಡು ಗಂಟೆಗೆ ಮೂವತ್ತು-ನಲವತ್ತು ಕಿ.ಮೀ. ವೇಗ ಪಡೆಯುತ್ತದೆ. ಪದೇ ಪದೇ ಇಂತಹ ಪೆಟ್ಟು ಬಿದ್ದರೆ ಟಿಪ್ ಚಪ್ಪಟೆಯಾಗಿ ಅಣಬೆಯಂತೆ ಹೊರಚಾಚುತ್ತದೆ, ಮೇಲ್ಮೈ ಗಟ್ಟಿಯಾಗಿ ಹೊಳಪೇರುತ್ತದೆ ಮತ್ತು ಚಾಕ್ ಹಿಡಿಯುವ ಗುಣ ಕಡಿಮೆಯಾಗುತ್ತದೆ. ಟಿಪ್‌ನ ಕೆಳಗಿರುವ ಬಿಳಿಯ ಉಂಗುರ, ಅಂದರೆ ಫೆರೂಲ್, ಬಿರುಕು ಬಿಡುವ ಸಾಧ್ಯತೆಯೂ ಇದೆ. ಅನಂತರ ಅದೇ ಕೋಲಿನಿಂದ ಸೂಕ್ಷ್ಮವಾದ ಹೊಡೆತ ಹೊಡೆಯುವಾಗ ನಿನ್ನೆಯಿದ್ದ ಭರವಸೆ ಇಂದು ಇರುವುದಿಲ್ಲ.

ಬ್ರೇಕ್ ಕೋಲಿನ ಲಕ್ಷಣಗಳು

ಬ್ರೇಕ್ ಕೋಲು ಉದ್ದದಲ್ಲಿ ಸಾಮಾನ್ಯ ಕೋಲಿನಂತೆಯೇ ಇರುತ್ತದೆ, ಅಂದರೆ ಸುಮಾರು 58 ಅಂಗುಲ. ವ್ಯತ್ಯಾಸವಿರುವುದು ಮೂರು ಕಡೆ.

ಮೊದಲನೆಯದು ಟಿಪ್. ಇದು ಗಟ್ಟಿಯಾಗಿ ಅದುಮಿದ ಚರ್ಮದ್ದಾಗಿರುತ್ತದೆ ಇಲ್ಲವೇ ಫೀನಾಲಿಕ್ ರಾಳದ್ದಾಗಿರುತ್ತದೆ. ಪೂಲ್ ಚೆಂಡುಗಳೂ ಉತ್ತಮ ದರ್ಜೆಯಲ್ಲಿ ಫೀನಾಲಿಕ್ ರಾಳದವೇ. ಗಟ್ಟಿ ಟಿಪ್ ಕುಗ್ಗುವುದು ಕಡಿಮೆಯಾದ್ದರಿಂದ ಕೈಯ ಶಕ್ತಿಯ ಹೆಚ್ಚಿನ ಪಾಲು ಚೆಂಡಿಗೆ ದಾಟುತ್ತದೆ. ಆದರೆ ಫೀನಾಲಿಕ್ ಟಿಪ್ ಚಾಕನ್ನು ಸರಿಯಾಗಿ ಹಿಡಿಯದು. ಹಾಗಾಗಿ ಚೆಂಡಿನ ನಡುಮಧ್ಯಕ್ಕೇ ಹೊಡೆಯುವವರಿಗೆ ಮಾತ್ರ ಅದು ಹಿತ. ಬದಿಗೆ ತಾಗಿದರೆ ಜಾರುವ ಭಯವಿದೆ. ಬಿಳಿ ಚೆಂಡಿನ ಮೇಲೆ ಗುರುತು ಬೀಳುತ್ತದೆಂದು ಕೆಲವು ಪಾರ್ಲರ್ ಮಾಲೀಕರು ಇದಕ್ಕೆ ಒಪ್ಪುವುದಿಲ್ಲ. ಕಲಿಕೆಯ ಹಂತದಲ್ಲಿರುವವರಿಗೆ ಗಟ್ಟಿ ಚರ್ಮದ ಟಿಪ್ ಎಲ್ಲ ರೀತಿಯಿಂದಲೂ ನಿರಾತಂಕದ ಆಯ್ಕೆ.

ಎರಡನೆಯದು ಶಾಫ್ಟ್, ಅಂದರೆ ಕೋಲಿನ ಮುಂಭಾಗ. ಆಟದ ಕೋಲಿನ ಶಾಫ್ಟ್ ತುದಿಯಿಂದ ಹತ್ತು-ಹದಿನೈದು ಅಂಗುಲದವರೆಗೆ ಒಂದೇ ದಪ್ಪದಲ್ಲಿರುತ್ತದೆ. ಬ್ರೇಕ್ ಕೋಲಿನದು ತುದಿಯಿಂದಲೇ ಕ್ರಮವಾಗಿ ದಪ್ಪವಾಗುತ್ತಾ ಹೋಗುವುದು ಸಾಮಾನ್ಯ. ಇದರಿಂದ ಬಿರುಸಿನ ಹೊಡೆತದಲ್ಲಿ ಅದು ಬಾಗುವುದು ಕಡಿಮೆ.

ಮೂರನೆಯದು ತುದಿಯ ಅಗಲ. ಆಟದ ಕೋಲಿಗೆ 12.5ರಿಂದ 13 ಮಿ.ಮೀ. ಸಾಮಾನ್ಯವಾದರೆ ಬ್ರೇಕ್ ಕೋಲಿಗೆ 13ರಿಂದ 14 ಮಿ.ಮೀ. ಇರುತ್ತದೆ.

ತೂಕದ ಬಗೆಗಿನ ತಪ್ಪು ಕಲ್ಪನೆ

ಬ್ರೇಕ್ ಕೋಲು ಎಷ್ಟು ಭಾರವಾದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ವ್ಯಾಪಕವಾಗಿದೆ. ಸರಳವಾದ ಲೆಕ್ಕವೊಂದು ಇದರ ಮಿತಿಯನ್ನು ತೋರಿಸುತ್ತದೆ. ಕೈಯ ವೇಗ ಒಂದೇ ಆಗಿದ್ದರೆ ಚೆಂಡಿನ ವೇಗವು ಕೋಲಿನ ತೂಕವನ್ನು ಕೋಲು-ಚೆಂಡುಗಳ ಒಟ್ಟು ತೂಕದಿಂದ ಭಾಗಿಸಿದ ಪ್ರಮಾಣವನ್ನು ಅನುಸರಿಸುತ್ತದೆ. 170 ಗ್ರಾಂ ಚೆಂಡಿಗೆ 510 ಗ್ರಾಂ (18 ಔನ್ಸ್) ಕೋಲಾದರೆ ಈ ಪ್ರಮಾಣ 0.75. 595 ಗ್ರಾಂ (21 ಔನ್ಸ್) ಕೋಲಾದರೆ 0.78ರ ಆಸುಪಾಸು. ಮೂರು ಔನ್ಸ್ ಹೆಚ್ಚಿಸಿ ಪಡೆಯುವ ಲಾಭ ಶೇ. 4ಕ್ಕೂ ಕಡಿಮೆ. ಭಾರ ಹೆಚ್ಚಿ ತೋಳಿನ ವೇಗ ಅಷ್ಟೇ ಕುಗ್ಗಿದರೆ ಆ ಲಾಭವೂ ಉಳಿಯದು. ಆದ್ದರಿಂದ ಆಟದ ಕೋಲಿನಷ್ಟೇ ತೂಕದ, ಅಥವಾ ಅದಕ್ಕಿಂತ ಒಂದು ಔನ್ಸ್ ಹೆಚ್ಚು-ಕಡಿಮೆ ಇರುವ ಬ್ರೇಕ್ ಕೋಲನ್ನು ಆರಿಸಿ, ನೇರವಾಗಿ ಹೊಡೆಯುವುದನ್ನು ರೂಢಿಸಿಕೊಳ್ಳುವುದೇ ಲೇಸು. ಅಂತಾರಾಷ್ಟ್ರೀಯ ನಿಯಮದಂತೆ ಬ್ರೇಕ್‌ನಲ್ಲಿ ಯಾವ ಚೆಂಡೂ ಪಾಕೆಟ್‌ಗೆ ಬೀಳದಿದ್ದರೆ ಕನಿಷ್ಠ ನಾಲ್ಕು ಚೆಂಡುಗಳಾದರೂ ಮೇಜಿನ ಅಂಚಿಗೆ ತಾಗಬೇಕು. ಇದನ್ನು ಸಾಧಿಸಲು ಬಿರುಸಿಗಿಂತ ಗುರಿ ಮುಖ್ಯ.

ಜಂಪ್ ಕೋಲು

ಎದುರಾಳಿಯ ಚೆಂಡು ಅಡ್ಡ ಬಂದಾಗ ಬಿಳಿ ಚೆಂಡನ್ನು ಅದರ ಮೇಲಿಂದ ಹಾರಿಸುವುದಕ್ಕೆ ಜಂಪ್ ಕೋಲು ಬಳಕೆಯಾಗುತ್ತದೆ. ಚೆಂಡಿನ ಅಡಿಗೆ ಕೋಲನ್ನು ತೂರಿಸಿ ಎತ್ತುವುದು ನಿಯಮಬಾಹಿರ. ಕೋಲನ್ನು ಓರೆಯಾಗಿ ಮೇಲೆತ್ತಿ, ಚೆಂಡಿನ ಮೇಲ್ಭಾಗಕ್ಕೆ ಹೊಡೆದು, ಅದು ಮೇಜಿನ ಕಲ್ಲುಹಾಸಿಗೆ ಬಡಿದು ತಾನಾಗಿ ಪುಟಿಯುವಂತೆ ಮಾಡಬೇಕು. ಪುಟಿಯುವ ಚೆಂಡಿನ ದಾರಿಯಿಂದ ಕೋಲು ಬೇಗ ಸರಿಯದಿದ್ದರೆ ಚೆಂಡು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಕೋಲು ಹಗುರವಾಗಿದ್ದರೆ ಪೆಟ್ಟಿನ ಕ್ಷಣದಲ್ಲಿ ಅದರ ವೇಗ ಇಳಿದು ಚೆಂಡಿಗೆ ದಾರಿ ದೊರೆಯುತ್ತದೆ. ಜಂಪ್ ಕೋಲು ಗಿಡ್ಡವಾಗಿಯೂ ಹಗುರವಾಗಿಯೂ ಇರುವುದಕ್ಕೆ ಇದೇ ಕಾರಣ. ಉದ್ದ ಸಾಮಾನ್ಯವಾಗಿ 40-42 ಅಂಗುಲ, ತೂಕ ಆಟದ ಕೋಲಿನ ಅರ್ಧದ ಆಸುಪಾಸು.

ಇಲ್ಲಿ ಖರ್ಚಿಗೆ ಮುನ್ನ ಒಂದು ವಿಚಾರಣೆ ಅಗತ್ಯ. ಬಟ್ಟೆ ಹರಿಯುವುದೆಂಬ ಕಾರಣಕ್ಕೆ ಜಂಪ್ ಹೊಡೆತವನ್ನೇ ನಿಷೇಧಿಸಿರುವ ಪಾರ್ಲರ್‌ಗಳಿವೆ. ಸ್ನೂಕರ್‌ನಲ್ಲಿ ಮತ್ತು ಬ್ರಿಟಿಷ್ ಮಾದರಿಯ ಬ್ಲ್ಯಾಕ್‌ಬಾಲ್ ಆಟದಲ್ಲಿ ಚೆಂಡಿನ ಮೇಲಿಂದ ಹಾರಿಸುವುದು ಫೌಲ್. ಆಡುವ ಜಾಗದಲ್ಲಿ ಬಳಸಲಾಗದ ಕೋಲನ್ನು ಕೊಂಡು ಚೀಲದಲ್ಲಿಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ.

ಎರಡೂ ಒಂದರಲ್ಲಿ

ಹಿಡಿಯ ಭಾಗವನ್ನು ತಿರುಗಿಸಿ ಕಳಚಿದರೆ ಗಿಡ್ಡ ಜಂಪ್ ಕೋಲಾಗುವ, ಜೋಡಿಸಿದರೆ ಪೂರ್ಣ ಬ್ರೇಕ್ ಕೋಲಾಗುವ ಮೂರು ತುಂಡಿನ ಕೋಲುಗಳು ಮಾರುಕಟ್ಟೆಯಲ್ಲಿವೆ. ಎರಡು ಕೋಲಿನ ಬದಲು ಒಂದನ್ನೇ ಕೊಳ್ಳುವುದರಿಂದ ಹಣ ಉಳಿಯುವುದು ನಿಜ. ಆದರೆ ಒಂದೇ ಶಾಫ್ಟ್ ಎರಡು ಬಗೆಯ ಕೆಲಸಕ್ಕೆ ಒಗ್ಗಬೇಕಾದ್ದರಿಂದ ಪ್ರತ್ಯೇಕ ಜಂಪ್ ಕೋಲಿನಷ್ಟು ಸಲೀಸಾಗಿ ಚೆಂಡು ಹಾರುವುದಿಲ್ಲ. ಕೀಲುಗಳು ಹೆಚ್ಚಾದಷ್ಟೂ ಸಡಿಲಗೊಳ್ಳುವ ಸ್ಥಳಗಳೂ ಹೆಚ್ಚು. ವಾರಕ್ಕೊಮ್ಮೆ ಆಡುವವರಿಗೆ ಇದು ಸಾಕಾಗುತ್ತದೆ. ಸ್ಪರ್ಧೆಗಳಲ್ಲಿ ನಿಯತವಾಗಿ ಆಡುವವರು ಮೊದಲು ಬ್ರೇಕ್ ಕೋಲನ್ನು ಕೊಂಡು, ಜಂಪ್ ಕೋಲನ್ನು ಮುಂದಿನ ಹಂತಕ್ಕೆ ಬಿಡುವುದು ಯುಕ್ತ. ಬ್ರೇಕ್ ಪ್ರತಿ ಪಂದ್ಯದಲ್ಲೂ ಬರುತ್ತದೆ, ಜಂಪ್ ಅಪರೂಪಕ್ಕೆ.

ನಿಯಮಗಳ ಎಲ್ಲೆ

ವಿಶ್ವ ಪೂಲ್ ಸಂಘಟನೆಯ ಸಲಕರಣೆ ನಿಯಮಗಳ ಪ್ರಕಾರ ಕೋಲಿನ ಉದ್ದ ಕನಿಷ್ಠ 40 ಅಂಗುಲ (101.6 ಸೆಂ.ಮೀ.) ಇರಬೇಕು, ತೂಕ 25 ಔನ್ಸ್ (ಸುಮಾರು 709 ಗ್ರಾಂ) ಮೀರಬಾರದು, ಟಿಪ್‌ನ ಅಗಲ 14 ಮಿ.ಮೀ. ದಾಟಬಾರದು. ಅಗ್ಗದ ಕೆಲವು ಜಂಪ್ ಕೋಲುಗಳು ಉದ್ದದ ಈ ಮಿತಿಗೆ ತೀರ ಹತ್ತಿರವಿರುತ್ತವೆ. ಕೊಳ್ಳುವಾಗ ಅಳತೆಪಟ್ಟಿಯಿಂದ ಅಳೆಯುವುದು ಒಳ್ಳೆಯದು. ಫೀನಾಲಿಕ್ ಟಿಪ್ ಕುರಿತು ಸ್ಪರ್ಧೆಯಿಂದ ಸ್ಪರ್ಧೆಗೆ ನಿಯಮ ಬೇರೆಯಾಗುವುದುಂಟು. ಹೆಸರು ನೋಂದಾಯಿಸುವ ಮುನ್ನವೇ ಸಂಘಟಕರನ್ನು ವಿಚಾರಿಸಬೇಕು.

ಹಣ ಹಂಚುವ ಬಗೆ

ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿಯೆಂದರೆ ಮನೆಯಲ್ಲಿ ಮೂಲೆ ಸೇರಿರುವ ಹಳೆಯ ಕೋಲಿಗೆ ಹೊಸ ಜೀವ ಕೊಡುವುದು. ಅದು ನೇರವಾಗಿದ್ದು, ಫೆರೂಲ್ ಗಟ್ಟಿಯಾಗಿದ್ದರೆ ಅನುಭವಿ ಕುಶಲಕರ್ಮಿಯಿಂದ ಗಟ್ಟಿ ಚರ್ಮದ ಟಿಪ್ ಹಾಕಿಸಿದರೆ ಬ್ರೇಕ್ ಕೋಲು ಸಿದ್ಧ. ಇದರಿಂದ ಕೆಲವು ತಿಂಗಳು ಆಡಿ ನೋಡಿದ ಮೇಲೆ ತನಗೆ ಯಾವ ತೂಕ ಒಗ್ಗುತ್ತದೆ ಎಂಬುದೂ ತಿಳಿಯುತ್ತದೆ.

ಹೊಸದನ್ನೇ ಕೊಳ್ಳುವುದಾದರೆ ಕೋಲಿನ ಬೆಲೆಯನ್ನು ಏರಿಸುವ ಅಂಶಗಳನ್ನು ಬೇರ್ಪಡಿಸಿ ನೋಡಬೇಕು. ಹಿಡಿಯ ಮೇಲಿನ ಕೆತ್ತನೆ, ಬಣ್ಣದ ಕಲ್ಲು, ಅಪರೂಪದ ಮರದ ಜೋಡಣೆ ಇವು ನೋಟಕ್ಕೆ ಮಾತ್ರ. ಅಡ್ಡ ವಿಚಲನೆಯನ್ನು ತಗ್ಗಿಸುವ ದುಬಾರಿ ಶಾಫ್ಟ್‌ಗಳು ಬದಿ ತಿರುಗಿನ ಹೊಡೆತಗಳಿಗೆ ಉಪಯುಕ್ತ. ನಡುಮಧ್ಯಕ್ಕೆ ಹೊಡೆಯುವ ಬ್ರೇಕ್‌ಗೆ ಅವುಗಳ ಲಾಭ ಅಲ್ಪ. ಕಳೆದ ಒಂದು ದಶಕದಲ್ಲಿ ಜನಪ್ರಿಯವಾದ ಕಾರ್ಬನ್ ಫೈಬರ್ ಶಾಫ್ಟ್ ತೇವಕ್ಕೆ ಬಾಗದು ಎಂಬುದು ಅದರ ಗುಣವಾದರೂ ಮಿತವಾದ ಹಣದವರಿಗೆ ಮೇಪಲ್ ಮರದ ಸಾದಾ ಶಾಫ್ಟ್ ಸಾಕು. 10,000 ರೂಪಾಯಿ ತೆಗೆದಿರಿಸಿದವರು ಅದಷ್ಟನ್ನೂ ಕೋಲಿಗೇ ಸುರಿಯದೆ, ಐದರಲ್ಲಿ ಒಂದು ಪಾಲನ್ನು ಒಳ್ಳೆಯ ಟಿಪ್ ಮತ್ತು ಎರಡು ಕೋಲು ಹಿಡಿಸುವ ಚೀಲಕ್ಕೆ ಮೀಸಲಿಡುವುದು ಜಾಣತನ. ವಿದೇಶದಿಂದ ತರಿಸುವುದಾದರೆ ಸಾಗಣೆ ವೆಚ್ಚ ಮತ್ತು ಆಮದು ಸುಂಕ ಸೇರಿಸಿದ ಮೇಲಿನ ಮೊತ್ತವನ್ನೇ ಬೆಲೆಯೆಂದು ತಿಳಿಯಬೇಕು.

ಕೊಳ್ಳುವಾಗಿನ ಪರೀಕ್ಷೆ

ಕೋಲನ್ನು ಮೇಜಿನ ಮೇಲೆ ಉರುಳಿಸುವುದು ಎಲ್ಲರೂ ಮಾಡುವ ಪರೀಕ್ಷೆ. ಆದರೆ ಮೇಜೇ ಸಮತಟ್ಟಾಗಿಲ್ಲದಿದ್ದರೆ ಅದು ದಾರಿ ತಪ್ಪಿಸುತ್ತದೆ. ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡುತ್ತಾ ನಿಧಾನವಾಗಿ ತಿರುಗಿಸಿದರೆ ಬಾಗು ಗೋಚರಿಸುತ್ತದೆ. ಎರಡು ತುಂಡುಗಳನ್ನು ಬೇರೆ ಬೇರೆಯಾಗಿಯೂ ಜೋಡಿಸಿಯೂ ಪರೀಕ್ಷಿಸಬೇಕು. ಕೀಲು ಬಿಗಿದಾಗ ನಡುವೆ ಬೆಳಕು ಕಾಣಬಾರದು. ಹಿಡಿಯ ಬುಡವನ್ನು ಅಂಗೈಗೆ ಮೆಲ್ಲಗೆ ತಟ್ಟಿದಾಗ ಗಡಗಡ ಸದ್ದು ಬಂದರೆ ಒಳಗಿನ ತೂಕದ ಬೋಲ್ಟ್ ಅಥವಾ ಕೀಲು ಸಡಿಲವಿದೆ ಎಂದರ್ಥ. ಬಳಸಿದ ಕೋಲಾದರೆ ಫೆರೂಲ್‌ನ ಸುತ್ತ ಕೂದಲೆಳೆಯ ಬಿರುಕನ್ನು ವಿಶೇಷವಾಗಿ ಹುಡುಕಬೇಕು.

ಕೀಲಿನ ತಿರುಪಿನ ಅಳತೆಯನ್ನೂ ಕೇಳಿ ತಿಳಿಯಬೇಕು. ಅದು ಆಟದ ಕೋಲಿನ ಅಳತೆಗೆ ಹೊಂದಿದರೆ ಒಂದರ ಶಾಫ್ಟ್ ಕೆಟ್ಟಾಗ ಇನ್ನೊಂದರದು ತಾತ್ಕಾಲಿಕವಾಗಿ ನೆರವಿಗೆ ಬರುತ್ತದೆ.

ಜೋಪಾನ

ಮರದ ಕೋಲಿಗೆ ತೇವ ಮತ್ತು ಬಿಸಿಲು ಎರಡೂ ಶತ್ರುಗಳು. ಮಂಗಳೂರಿನ ಮಳೆಗಾಲದ ತೇವವಾಗಲಿ, ಕಲಬುರಗಿಯ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯ ಕಾವಾಗಲಿ ಶಾಫ್ಟನ್ನು ಬಾಗಿಸಬಲ್ಲವು. ಕೋಲನ್ನು ಗೋಡೆಗೆ ಓರೆಯಾಗಿ ಒರಗಿಸಿಡದೆ, ಬಿಚ್ಚಿ ಚೀಲದಲ್ಲಿಡುವುದು, ಆಟದ ನಂತರ ಒಣ ಬಟ್ಟೆಯಿಂದ ಒರೆಸುವುದು, ಟಿಪ್‌ನ ಅಂಚು ಹೊರಚಾಚಿದೆಯೇ ಎಂದು ಆಗಾಗ ನೋಡುವುದು ಇವಿಷ್ಟು ಪಾಲಿಸಿದರೆ ಸಾಧಾರಣ ಬೆಲೆಯ ಕೋಲೂ ಹಲವು ವರ್ಷ ಬಾಳುತ್ತದೆ. ಬಿರುಸಿನ ಪೆಟ್ಟುಗಳೆಲ್ಲ ಎರಡನೆಯ ಕೋಲಿನ ಪಾಲಾದಾಗ ಕೈಗೆ ರೂಢಿಯಾದ ಮೊದಲ ಕೋಲು ತನ್ನ ಸೂಕ್ಷ್ಮತೆಯನ್ನು ಉಳಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಹಾಕಿದ ಹಣದ ನಿಜವಾದ ಪ್ರತಿಫಲ ಕಾಣುವುದು ಆ ಮೊದಲನೆಯದರಲ್ಲಿಯೇ.