ಅಂಕಿತಕ್ಕೆ ಮುನ್ನ

ಕನ್ನಡ ಸಾಹಿತ್ಯದ ಪರಿಚಯವುಳ್ಳವರಿಗೆ ‘ಅಂಕಿತ’ ಎಂಬ ಮಾತು ಹೊಸದಲ್ಲ. ವಚನದ ಕೊನೆಯಲ್ಲಿ ವಚನಕಾರರು ಸಾಮಾನ್ಯವಾಗಿ ತಮ್ಮ ಹೆಸರನ್ನಲ್ಲ, ಇಷ್ಟದೈವದ ಹೆಸರನ್ನು ಇರಿಸುತ್ತಾರೆ. ಅಲ್ಲಿ ಮಾತು ತಮ್ಮದು, ಹೆಸರು ದೇವರದು. ರಾಷ್ಟ್ರಪತಿಗಳು ರಾಜ್ಯಾಡಳಿತದ ಪತ್ರಗಳಿಗೆ ಹಾಕುವ ಅಂಕಿತದ ರೀತಿ ಇದಕ್ಕೆ ವಿಪರ್ಯಾಯವಾದುದು. ಅಲ್ಲಿ ಹೆಸರು ಅವರದು, ಮಾತು ಮಂತ್ರಿಮಂಡಲದ್ದು. ಹಾಗಿದ್ದ ಮೇಲೆ ಆ ಅಂಕಿತಕ್ಕೆ ಸ್ವಂತದ ತೂಕವೇನಾದರೂ ಉಂಟೆ? 1977ರ ಏಪ್ರಿಲಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದವರು ಒಬ್ಬ ಕನ್ನಡಿಗರು.

ಬಸಪ್ಪ ದಾನಪ್ಪ ಜತ್ತಿಯವರು ಹುಟ್ಟಿದ್ದು 1912ರಲ್ಲಿ, ಜಮಖಂಡಿ ಸೀಮೆಯ ಸಾವಳಗಿಯಲ್ಲಿ. ವೃತ್ತಿಯಿಂದ ವಕೀಲರು. ಜಮಖಂಡಿಯ ಪುರಸಭೆಯಿಂದ ಮೊದಲಾದ ಅವರ ಸಾರ್ವಜನಿಕ ಜೀವನ ಆ ಸಂಸ್ಥಾನದ ಮುಖ್ಯಮಂತ್ರಿ ಪದವಿಯನ್ನೂ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ ಪದವಿಯನ್ನೂ ಕಂಡಿತು. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ ವಚನಸಾಹಿತ್ಯದ ಪ್ರಸಾರಕ್ಕೆ ದುಡಿದವರೂ ಅವರೇ. 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನ ಹೊಂದಲು, ಸಂವಿಧಾನದ ವಿಧಿಯಂತೆ ಹಂಗಾಮಿ ರಾಷ್ಟ್ರಪತಿಗಳ ಹೊಣೆ ಜತ್ತಿಯವರ ಹೆಗಲಿಗೆ ಬಂದಿತು.

ಹೀಗೆ ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಚುನಾವಣೆ ನಡೆಯಲೇಬೇಕು. ಆ ಚುನಾವಣೆಯಲ್ಲಿ ಸಾಮಾನ್ಯ ಪ್ರಜೆ ನೇರವಾಗಿ ಮತ ಹಾಕುವುದಿಲ್ಲ. ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರೇ ಮತದಾರರು. 1971ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದಲೂ ಮತ್ತೆ ಸಾವಿರದಿಂದಲೂ ಭಾಗಿಸಿದರೆ ಒಬ್ಬ ಶಾಸಕರ ಮತದ ಬೆಲೆ ಸಿಗುತ್ತದೆ. ಕರ್ನಾಟಕದ 224 ಶಾಸಕರಲ್ಲಿ ಪ್ರತಿಯೊಬ್ಬರ ಮತಕ್ಕೆ 131ರ ಬೆಲೆ. ನನ್ನ ಊರಾದ ಅಡ್ಡಗದ್ದೆಯವರು ರಾಷ್ಟ್ರಪತಿಗಳ ಆಯ್ಕೆಯಲ್ಲಿ ಪಾಲುಗೊಳ್ಳುವುದು ಶೃಂಗೇರಿ ಕ್ಷೇತ್ರದ ಶಾಸಕರ ಈ 131ರ ಮೂಲಕ, ಲೋಕಸಭಾ ಸದಸ್ಯರ ಮತದ ಮೂಲಕ. ವಿಧಾನಸಭೆ ವಿಸರ್ಜನೆಯಾದರೆ ಒಂದು ಸರಕಾರ ಹೋಗುವುದಷ್ಟೇ ಅಲ್ಲ, ರಾಷ್ಟ್ರಪತಿಗಳನ್ನು ಆರಿಸುವ ಮತದಾರರೂ ಬದಲಾಗುತ್ತಾರೆ.

1977ರಲ್ಲಿ ಆದದ್ದು ಇದೇ. ಮಾರ್ಚಿಯ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದಿತು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ ಮೊದಲಾದ ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸು ಜನರ ವಿಶ್ವಾಸ ಕಳೆದುಕೊಂಡಿದೆ, ಅಲ್ಲಿನ ವಿಧಾನಸಭೆಗಳು ವಿಸರ್ಜನೆಯಾಗಬೇಕು ಎಂದು ಗೃಹಮಂತ್ರಿ ಚರಣಸಿಂಗರು ವಾದಿಸಿದರು. ಕೆಲವು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. ಏಪ್ರಿಲ್ 29ರಂದು ನ್ಯಾಯಾಲಯ ಅವನ್ನು ತಳ್ಳಿಹಾಕಿತು. ಮಂತ್ರಿಮಂಡಲದ ಸಲಹೆ ಜತ್ತಿಯವರ ಮುಂದೆ ಬಂದಿತು. ಅವರು ಕೂಡಲೇ ಅಂಕಿತ ಹಾಕಲಿಲ್ಲ. ದೆಹಲಿಯಲ್ಲಿ ಕೋಲಾಹಲವಾಯಿತು. ಮರುದಿನ, ಏಪ್ರಿಲ್ 30ರಂದು, ಅಂಕಿತ ಬಿದ್ದಿತು. ಒಂಬತ್ತು ಸಭೆಗಳೂ ಕೊನೆಗೊಂಡವು.

ಈ ತಡೆಯನ್ನು ಕೆಲವರು ಹಳೆಯ ಪಕ್ಷದ ಮೇಲಣ ಮಮತೆಯೆಂದರು, ಕೆಲವರು ವಿವೇಕವೆಂದರು. ಅವರ ಮನಸ್ಸಿನೊಳಗನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಆಗಿನ ಶಾಸನವಂತೂ ಅವರ ಕಡೆಗಿರಲಿಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿ, ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ಕಟ್ಟುನಿಟ್ಟಾಗಿ ವಿಧಿಸಿತ್ತು. ‘ಇನ್ನೊಮ್ಮೆ ಯೋಚಿಸಿರಿ’ ಎಂದು ಕೇಳಲು ಅದರಲ್ಲಿ ಎಡೆಯಿರಲಿಲ್ಲ. ಮರುವರ್ಷವೇ, 1978ರ ನಲವತ್ತನಾಲ್ಕನೆಯ ತಿದ್ದುಪಡಿ ಆ ಎಡೆಯನ್ನು ಕೊಟ್ಟಿತು: ಸಲಹೆಯನ್ನು ಒಮ್ಮೆ ಹಿಂದಕ್ಕೆ ಕಳುಹಬಹುದು, ಅದೇ ಮತ್ತೆ ಬಂದರೆ ಒಪ್ಪತಕ್ಕದ್ದು.

ಆ ಒಂದು ದಿನದ ಬೆಲೆ ಮುಂದಿನ ಚರಿತ್ರೆಯಲ್ಲಿ ತಿಳಿಯುತ್ತದೆ. 1977ರ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದವರು ನೀಲಂ ಸಂಜೀವ ರೆಡ್ಡಿಯವರು. 1980ರಲ್ಲಿ ಇಂದಿರಾ ಗಾಂಧಿಯವರ ಸರಕಾರ ಅದೇ ತರ್ಕವನ್ನು ತಿರುಗಿಸಿ ಮತ್ತೆ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದಾಗ ಅಂಕಿತ ಅವರದಾಯಿತು. ಮಾಡಿದ್ದುಣ್ಣೋ ಮಹರಾಯ ಎಂಬ ನಮ್ಮವರ ಗಾದೆ ಜನತಾ ಪಕ್ಷಕ್ಕೆ ಮೂರೇ ವರ್ಷಗಳಲ್ಲಿ ಅನ್ವಯಿಸಿತು. 1989ರ ಏಪ್ರಿಲಿನಲ್ಲಿ ಇಂಥದೇ ಅಂಕಿತದಿಂದ ಕರ್ನಾಟಕದ ಎಸ್.ಆರ್. ಬೊಮ್ಮಾಯಿಯವರ ಸರಕಾರ ಉರುಳಿತು. ಸದನದಲ್ಲಿ ಬಹುಮತ ತೋರಿಸುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದ ಜಾಗ ಸದನ, ಸಂಸತ್ತಿನ ಒಪ್ಪಿಗೆಗೆ ಮುನ್ನ ವಿಧಾನಸಭೆಯನ್ನು ವಿಸರ್ಜಿಸಬಾರದು. 1997ರಲ್ಲಿ ಉತ್ತರ ಪ್ರದೇಶದ ಮೇಲೆ ರಾಷ್ಟ್ರಪತಿ ಆಳ್ವಿಕೆ ಹೇರುವ ಸಲಹೆಯನ್ನು ಕೆ.ಆರ್. ನಾರಾಯಣನ್ನರು ಹಿಂದಿರುಗಿಸಿದರು; ಮಂತ್ರಿಮಂಡಲ ಅದನ್ನು ಕೈಬಿಟ್ಟಿತು.

ಜತ್ತಿಯವರಿಗೆ ಒಂದು ದಿನದ ಮಟ್ಟಿಗೆ, ಶಾಸನದ ಆಧಾರವಿಲ್ಲದೆ, ಇದ್ದ ಅವಕಾಶವೇ ನಾರಾಯಣನ್ನರಿಗೆ ಸಂವಿಧಾನಬದ್ಧವಾದ ಹಕ್ಕಾಗಿ ದೊರೆಯಿತು. ರಾಷ್ಟ್ರಪತಿಗಳು ಆಳುವವರಲ್ಲ. ಆಳುವವರು ಆತುರಪಟ್ಟಾಗ, ನಿಂತು ಇನ್ನೊಮ್ಮೆ ನೋಡಿರೆಂದು ಹೇಳಬಲ್ಲವರು. ತಮ್ಮದಲ್ಲದ ಮಾತಿಗೆ ತಮ್ಮ ಹೆಸರನ್ನು ಕೊಡುವವರಿಗೆ ಅಷ್ಟು ವ್ಯವಧಾನವಾದರೂ ಸಲ್ಲಬೇಕು. ಅದು ಸಂದಾಗ ಅದನ್ನು ಬಳಸುವ ಧೈರ್ಯವೂ ಅವರಲ್ಲಿರಬೇಕು.